ಕೆಲಸದ ಅರ್ಜಿಯ ಜೊತೆಗಿನ ಪತ್ರ: ಏನು ಬರೆಯಬೇಕು, ಏನು ಬಿಡಬೇಕು

ಪದವಿ ಫಲಿತಾಂಶ ಬಂದ ಮೇಲೆ ಮನೆಮನೆಗಳಲ್ಲಿ ಮಕ್ಕಳ ಬಯೋಡೇಟಾ ತಯಾರಾಗುತ್ತದೆ. ಸೈಬರ್ ಕೆಫೆಯವರು ಫೋಟೋ ಅಂಟಿಸಿ, ಅಂಕಗಳ ಪಟ್ಟಿ ಹಾಕಿ ಚೆಂದವಾಗಿಯೇ ಮಾಡಿಕೊಡುತ್ತಾರೆ. ಆದರೆ ಅದರ ಮೇಲೆ ಇರಬೇಕಾದ ಒಂದು ಪುಟದ ಪತ್ರ, ಅಂದರೆ ಕವರ್ ಲೆಟರ್, ಹೆಚ್ಚಿನವರಲ್ಲಿ ಇರುವುದೇ ಇಲ್ಲ. ಇದ್ದರೂ ಅದು ಶಾಲೆಯ ರಜಾ ಅರ್ಜಿಯಂತೆ ಇರುತ್ತದೆ: “ಈ ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ...” ಈ ವಾಕ್ಯ ಮುಗಿಯುವಷ್ಟರಲ್ಲಿ ಓದುವವರು ಮುಂದಿನ ಅರ್ಜಿ ತೆಗೆದಿರುತ್ತಾರೆ.

ಬಯೋಡೇಟಾ ಹೇಳುವುದು ಏನು ಓದಿದ್ದಾನೆ, ಎಲ್ಲಿ ಓದಿದ್ದಾನೆ ಎಂಬುದನ್ನು. ಪತ್ರ ಹೇಳಬೇಕಾದದ್ದು ಬೇರೆ: ಆ ಕಂಪನಿಯ ಯಾವ ಕೆಲಸ ಇವನಿಂದ ಸಾಗುತ್ತದೆ ಎಂಬುದು. ಅಂಗಡಿಗೆ ಬಂದ ಗಿರಾಕಿಗೆ ಬೇಕಾದ ಬಟ್ಟೆ ತೋರಿಸದೆ ಗೋದಾಮಿನ ಕಥೆ ಹೇಳಿದರೆ ವ್ಯಾಪಾರ ಆಗುತ್ತದೆಯೇ? ಇಲ್ಲಿಯೂ ಹಾಗೆಯೇ.

ಇದು ಹೊಸ ಮಾತೇನಲ್ಲ. 1482ರ ಸುಮಾರಿಗೆ ಇಟಲಿಯ ಲಿಯೊನಾರ್ಡೊ ಡಾ ವಿಂಚಿ ಮಿಲಾನಿನ ಆಡಳಿತಗಾರ ಲುಡೊವಿಕೊ ಸ್ಫೋರ್ಜಾನಿಗೆ ಬರೆದ ಕೆಲಸದ ಪತ್ರದ ಕರಡು ಇಂದಿಗೂ ಉಳಿದಿದೆ. ಜಗತ್ತು ಅವನನ್ನು ಚಿತ್ರಕಾರ ಎಂದು ಬಲ್ಲದು. ಆದರೆ ಆ ಪತ್ರದಲ್ಲಿ ಚಿತ್ರಕಲೆಯ ಮಾತು ಬರುವುದು ಕೊನೆಯಲ್ಲಿ. ಮೊದಲು ಬರುವುದು ಹಗುರವಾದ ಸೇತುವೆ ಕಟ್ಟುವುದು, ಕಂದಕದ ನೀರು ತೆಗೆಯುವುದು, ಯುದ್ಧದ ಸಲಕರಣೆಗಳು. ಆ ಆಡಳಿತಗಾರನಿಗೆ ಅವಸರವಾಗಿ ಬೇಕಿದ್ದದ್ದು ಅದೇ. ಯುದ್ಧದ ವಿಷಯ ಬದಿಗಿರಲಿ, ಕ್ರಮವನ್ನು ಮಾತ್ರ ಗಮನಿಸಬೇಕು. ಮುಂದೆ ಅವನು ಅದೇ ಆಸ್ಥಾನದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ.

ಈಗ ಊರಿನ ಉದಾಹರಣೆ ತೆಗೆದುಕೊಳ್ಳೋಣ. ಹುಬ್ಬಳ್ಳಿಯ ಒಂದು ಸಗಟು ವ್ಯಾಪಾರದ ಸಂಸ್ಥೆಗೆ ಲೆಕ್ಕಪತ್ರ ಸಹಾಯಕ ಬೇಕು, ಜಿಎಸ್‌ಟಿ ಮತ್ತು ಟ್ಯಾಲಿ ತಿಳಿದಿರಬೇಕು ಎಂದು ಜಾಹೀರಾತು ಇದೆ ಎನ್ನಿ. ಆ ಮಾಲೀಕನ ಚಿಂತೆ ಏನು? ಪ್ರತಿ ತಿಂಗಳು 11ರೊಳಗೆ ಜಿಎಸ್‌ಟಿಆರ್-1, 20ರೊಳಗೆ ಜಿಎಸ್‌ಟಿಆರ್-3ಬಿ ಹೋಗಬೇಕು. ನಡುವೆ 14ಕ್ಕೆ ಬರುವ 2ಬಿ ಪಟ್ಟಿಯನ್ನು ಖರೀದಿ ಲೆಕ್ಕಕ್ಕೆ ತಾಳೆ ನೋಡಬೇಕು. ಮಾರಿದವನು ಬಿಲ್ ತೋರಿಸದಿದ್ದರೆ ಇವರ ತೆರಿಗೆ ಜಮೆ ನಿಂತುಹೋಗುತ್ತದೆ. ಅಂಥವನಿಗೆ “ನಾನು ಕಠಿಣ ಪರಿಶ್ರಮಿ, ಉತ್ಸಾಹಿ, ತಂಡದಲ್ಲಿ ಕೆಲಸ ಮಾಡಬಲ್ಲೆ” ಎಂದು ಬರೆದರೆ ಏನು ಉಪಯೋಗ? ಎಲ್ಲರೂ ಅದನ್ನೇ ಬರೆದಿರುತ್ತಾರೆ. ಮೊಬೈಲಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲಂತೂ ಪದಗಳೂ ಒಂದೇ.

ಅದರ ಬದಲು ಹೀಗೆ ಬರೆಯಬಹುದು: “ಬಿ.ಕಾಂ. ಓದುವಾಗ ಮೂರು ವರ್ಷ ಸಂಜೆ ಹೊತ್ತು ತಂದೆಯವರ ಬಟ್ಟೆ ಅಂಗಡಿಯ ಬಿಲ್ಲುಗಳನ್ನು ಟ್ಯಾಲಿಯಲ್ಲಿ ದಾಖಲಿಸಿದ್ದೇನೆ. 2ಬಿ ತಾಳೆ ನೋಡಿ, ಬಾರದ ಬಿಲ್ಲುಗಳ ಬಗ್ಗೆ ವ್ಯಾಪಾರಿಗಳಿಗೆ ಫೋನ್ ಮಾಡುತ್ತಿದ್ದವನು ನಾನೇ. 50,000 ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್ ತೆಗೆದಿದ್ದೇನೆ. ರಿಟರ್ನ್ ಸಲ್ಲಿಕೆಯನ್ನು ಲೆಕ್ಕಪರಿಶೋಧಕರು ಮಾಡುತ್ತಿದ್ದರು, ಅದನ್ನು ಕಲಿಯಬೇಕಿದೆ.”

ಇದರಲ್ಲಿ ಎರಡು ವಿಷಯ ಇವೆ. ಒಂದು, ಅಂಗಡಿಯಲ್ಲಿ ಕುಳಿತದ್ದನ್ನು ಹುಡುಗ ಮುಚ್ಚಿಟ್ಟಿಲ್ಲ. ವ್ಯಾಪಾರಿ ಮನೆಗಳ ಮಕ್ಕಳು ಇಲ್ಲಿಯೇ ಎಡವುತ್ತಾರೆ. ಆನ್‌ಲೈನ್ ಮಾರಾಟ ಬಂದು ಸಣ್ಣ ಅಂಗಡಿಗಳಿಗೆ ಕಷ್ಟವಾಗಿದೆ, ಕೆಲವು ಮುಚ್ಚಿವೆ. ಮನೆಯಲ್ಲಿ ಮೊದಲ ಬಾರಿ ಒಬ್ಬ ನೌಕರಿಗೆ ಹೊರಟಾಗ ಅದೊಂದು ಸೋಲು ಎಂಬಂತೆ ಮಾತಾಡುವವರಿದ್ದಾರೆ. ಹುಡುಗನೂ “ಅನುಭವ: ಇಲ್ಲ” ಎಂದು ಬರೆದುಬಿಡುತ್ತಾನೆ. ಹತ್ತನೇ ತರಗತಿಯಿಂದ ಗಲ್ಲೆಯ ಮೇಲೆ ಕುಳಿತು, ಉದ್ರಿ ವಸೂಲಿ ಮಾಡಿ, ಸ್ಟಾಕ್ ಎಣಿಸಿದವನಿಗೆ ಅನುಭವ ಇಲ್ಲವೇ? ಸಂಬಳದ ಚೀಟಿ ಇಲ್ಲ ಅಷ್ಟೆ. ತಂದೆತಾಯಿಗಳು ಪಕ್ಕದಲ್ಲಿ ಕುಳಿತು ಅವನು ಮಾಡಿದ ಕೆಲಸಗಳನ್ನು ನೆನಪಿಸಿ ಬರೆಯಿಸಬೇಕು. ಮದುವೆ, ಮಕ್ಕಳು ಎಂದು ಐದಾರು ವರ್ಷ ಕೆಲಸ ಬಿಟ್ಟ ಹೆಣ್ಣುಮಕ್ಕಳೂ ಅಷ್ಟೇ. ಬಿಡುವಿನ ಕಾರಣ ಒಂದು ವಾಕ್ಯದಲ್ಲಿ ಹೇಳಿ, ಈಗ ಏನು ಕಲಿತಿದ್ದೇನೆ ಎಂಬುದಕ್ಕೆ ಹೋಗಬೇಕು. ಕ್ಷಮೆ ಕೇಳುವ ಧಾಟಿ ಬೇಡ.

ಎರಡು, ಬಾರದ್ದನ್ನು ಬಾರದು ಎಂದಿದ್ದಾನೆ. ಟ್ಯಾಲಿ ಪೂರ್ತಿ ಬರುತ್ತದೆ ಎಂದು ಬರೆದವನನ್ನು ಕಂಪ್ಯೂಟರ್ ಮುಂದೆ ಕೂರಿಸಿ “ಒಂದು ಕ್ರೆಡಿಟ್ ನೋಟ್ ಹಾಕಪ್ಪ” ಎಂದರೆ ಐದು ನಿಮಿಷದಲ್ಲಿ ಸತ್ಯ ಹೊರಬರುತ್ತದೆ. ಸತ್ಯವನ್ನು ಅಣುವ್ರತಗಳಲ್ಲಿ ಒಂದೆಂದು ಕೇಳಿ ಬೆಳೆದ ಮನೆಯ ಮಕ್ಕಳಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಪತ್ರ ಒಂದು ಪುಟ ಮೀರಬಾರದು. ಮೊದಲ ವಾಕ್ಯದಲ್ಲೇ ಯಾವ ಹುದ್ದೆ, ಜಾಹೀರಾತು ಎಲ್ಲಿ ನೋಡಿದ್ದು ಎಂಬುದು ಬರಲಿ. ಪರಿಚಯದವರು ಕಳಿಸಿದ್ದರೆ ಅವರ ಒಪ್ಪಿಗೆ ಕೇಳಿ ಹೆಸರನ್ನು ಅಲ್ಲಿಯೇ ಬರೆಯಬಹುದು. ಮಾಲೀಕರು ಸಮಾಜದವರೇ ಎಂದು ಗೊತ್ತಾದರೆ ಕೆಲವರು ಗೋತ್ರ, ಬೀಗತನ ಎಲ್ಲ ಬರೆಯುತ್ತಾರೆ. ಅದು ಮದುವೆಯ ಬಯೋಡೇಟಾಕ್ಕೆ ಸರಿ, ಇಲ್ಲಿ ಬೇಡ. ಆಧಾರ್, ಪ್ಯಾನ್ ಸಂಖ್ಯೆಯನ್ನೂ ಬರೆಯಬಾರದು. ಕೆಲಸ ಕೊಡಿಸಲು ಮುಂಗಡ ಹಣ ಕೇಳುವವರಿಗಂತೂ ಪತ್ರವನ್ನೇ ಕಳಿಸಬಾರದು. ಜಾಹೀರಾತು ಯಾವ ಭಾಷೆಯಲ್ಲಿದೆಯೋ ಆ ಭಾಷೆಯಲ್ಲಿ ಬರೆದರೆ ಸಾಕು. ಸರ್ಕಾರಿ ಹುದ್ದೆಗಳಿಗೆ ಸಾಮಾನ್ಯವಾಗಿ ನಿಗದಿತ ನಮೂನೆಯೇ ಇರುವುದರಿಂದ ಇಂಥ ಪತ್ರದ ಪ್ರಶ್ನೆ ಬರುವುದಿಲ್ಲ. ಪ್ರವರ್ಗ, ಅಲ್ಪಸಂಖ್ಯಾತ ಪ್ರಮಾಣಪತ್ರಗಳಿಗೆ ಜಾಗ ಅಲ್ಲಿ.

ಸೂರ್ಯಾಸ್ತದ ಮೊದಲು ಊಟ, ದಶಲಕ್ಷಣ ಪರ್ವದ ರಜೆ, ಇವನ್ನು ಪತ್ರದಲ್ಲಿ ಬರೆಯಬೇಕೇ ಎಂದು ಹಲವು ತಾಯಂದಿರು ಕೇಳುತ್ತಾರೆ. ಬೇಡ. ಸಂದರ್ಶನದಲ್ಲಿ ಕೆಲಸದ ವೇಳೆಯ ಮಾತು ಬಂದಾಗ ನೇರವಾಗಿ ಕೇಳಿದರೆ ಹೆಚ್ಚಿನವರು ಅರ್ಧ ಗಂಟೆ ಹೊಂದಿಸಿಕೊಡುತ್ತಾರೆ. ಆದರೆ ಮದ್ಯ, ಮಾಂಸದ ಉದ್ಯಮದಲ್ಲಿ ದುಡಿಯುವುದಿಲ್ಲ ಎನ್ನುವವರು ಅರ್ಜಿ ಹಾಕುವ ಮೊದಲೇ ಕಂಪನಿಯ ವ್ಯವಹಾರ ಏನೆಂದು ನೋಡಿಕೊಳ್ಳಬೇಕು. ಆಯ್ಕೆಯಾದ ಮೇಲೆ ಹಿಂದೆ ಸರಿದರೆ ಮುಂದಿನವನಿಗೂ ಕಷ್ಟ.

ಇಮೇಲ್‌ನಲ್ಲಿ ಕಳಿಸುವಾಗ ಪತ್ರವನ್ನು ಮೇಲ್‌ನ ಒಳಗೇ ಬರೆದು, ಬಯೋಡೇಟಾವನ್ನು ಪಿಡಿಎಫ್ ಮಾಡಿ, ಕಡತಕ್ಕೆ ಸ್ವಂತ ಹೆಸರು ಕೊಟ್ಟು ಲಗತ್ತಿಸಬೇಕು. ಹಳೆಯ ಪತ್ರ ನಕಲು ಮಾಡುವಾಗ ಹಿಂದಿನ ಕಂಪನಿಯ ಹೆಸರು ಹಾಗೇ ಉಳಿಯುವುದು ಬಹಳ ಸಾಮಾನ್ಯ, ಅದೊಂದೇ ತಪ್ಪಿಗೆ ಅರ್ಜಿ ಬದಿಗೆ ಹೋಗುತ್ತದೆ. ಕಳಿಸುವ ಮೊದಲು ಮನೆಯವರೊಬ್ಬರಿಗೆ ಗಟ್ಟಿಯಾಗಿ ಓದಿಸಿ ಕೇಳಬೇಕು. ಒಂದು ವಾರ ಉತ್ತರ ಬಾರದಿದ್ದರೆ ಒಂದು ಸಲ ಫೋನ್ ಮಾಡಿ ವಿಚಾರಿಸಬಹುದು. ಆಗ ಪತ್ರದ ಪ್ರತಿ ಎದುರಿಗೆ ಇರಲಿ, ಏಕೆಂದರೆ ಅವರು ಅದರಲ್ಲಿ ಬರೆದದ್ದನ್ನೇ ಕೇಳಬಹುದು.