ಕರಿಯ ಕಂಬಳಿಯೂ ಕುರಿಯ ಹಟ್ಟಿಯೂ

ಉಣ್ಣೆಯ ಮಾತು ಬಂದೊಡನೆ ನಮ್ಮ ವಿದ್ಯಾವಂತರ ಮನಸ್ಸು ಕಾಶ್ಮೀರದ ಶಾಲಿನತ್ತಲೋ ಆಸ್ಟ್ರೇಲಿಯದ ಮೆರಿನೊ ಕುರಿಯತ್ತಲೋ ಹರಿಯುವುದು ರೂಢಿ. ಚಳ್ಳಕೆರೆ, ಹಿರಿಯೂರುಗಳ ಕುರುಚಲು ಬಯಲಿನಲ್ಲಿ, ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯ ಸುತ್ತಿನಲ್ಲಿ, ಬೆಳಗಾವಿ ಬಾಗಲಕೋಟೆಗಳ ಎರೆಹೊಲಗಳ ಬದುಗಳಲ್ಲಿ ತಲೆತಲಾಂತರದಿಂದ ಮೇಯುತ್ತ ಬಂದಿರುವ ದಖ್ಖನಿ ಕುರಿಯೂ ಉಣ್ಣೆಯ ಕುರಿಯೇ ಎಂಬುದು, ಅದರ ಮಾಂಸವನ್ನು ವಾರವಾರವೂ ಸವಿಯುವವರಲ್ಲಿ ಕೂಡ ಅನೇಕರಿಗೆ ನೆನಪಿರುವುದಿಲ್ಲ. ಕರಿಯ ಮೈಬಣ್ಣದ, ಉಬ್ಬಿದ ಮೂಗಿನ, ಒರಟು ತುಪ್ಪಟದ ಈ ಪ್ರಾಣಿಯಿಂದ ವರ್ಷಕ್ಕೆ ಎರಡು ಬಾರಿ ಕತ್ತರಿಸಿ ತೆಗೆದರೂ ದೊರೆಯುವ ಉಣ್ಣೆ ಒಂದು ಕಿಲೋಗ್ರಾಮಿಗಿಂತ ಕಡಿಮೆಯೇ. ಆದರೂ ಬಯಲುಸೀಮೆಯ ರೈತನ ಹೆಗಲ ಮೇಲೆ, ಬಾಣಂತಿಯ ಹಾಸಿಗೆಯಲ್ಲಿ, ದೇವರ ಗದ್ದಿಗೆಯ ಮೇಲೆ ಶತಮಾನಗಳ ಕಾಲ ಹಾಸುಹೊಕ್ಕಾಗಿದ್ದುದು ಈ ಅಲ್ಪವಾದ ಉಣ್ಣೆಯೇ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸಕಥನದಲ್ಲಿ ಕುರುಬರ ಕುರಿ ಸಾಕಣೆಯನ್ನೂ ಕಂಬಳಿ ನೇಯ್ಗೆಯನ್ನೂ ಬರೆದಿಟ್ಟಿದ್ದಾನೆ.

ಕುರಿಯ ಪ್ರಯೋಜನವನ್ನು ಹೇಳುವವರು ಮೊದಲು ಮಾಂಸವನ್ನು, ಅನಂತರ ಉಣ್ಣೆಯನ್ನು ಹೆಸರಿಸುವರು. ಒಕ್ಕಲಿಗನನ್ನು ಕೇಳಿದರೆ ಆತ ಇವೆರಡನ್ನೂ ಬಿಟ್ಟು ಹಿಕ್ಕೆಯ ಮಾತನ್ನೆತ್ತುವನು. ಸುಗ್ಗಿ ಮುಗಿದು ಹೊಲಗಳು ಬರಿದಾದ ಮೇಲೆ ಕುರಿಗಾಹಿಗಳು ಹೆಂಡಿರು ಮಕ್ಕಳೊಡನೆ, ಕುದುರೆಯ ಮೇಲೆ ಬಿಡಾರದ ಸಾಮಾನು ಹೇರಿಕೊಂಡು ಊರಿಂದೂರಿಗೆ ಹೊರಡುವರು. ಹೊಲದ ಒಡೆಯನೊಡನೆ ಒಪ್ಪಂದವಾದರೆ ಅಲ್ಲಿಯೇ ಬಲೆ ಕಟ್ಟಿ, ರಾತ್ರಿಯೆಲ್ಲ ಮಂದೆಯನ್ನು ನಿಲ್ಲಿಸಿ, ಮರುದಿನ ಬಲೆಯನ್ನು ಪಕ್ಕದ ಪಟ್ಟಿಗೆ ಸರಿಸುವರು. ಪ್ರತಿಯಾಗಿ ದವಸವನ್ನೋ ಹಣವನ್ನೋ ಪಡೆಯುವರು. ಕೊಟ್ಟಿಗೆಯ ಗೊಬ್ಬರದಲ್ಲಿ ಸಾರಜನಕ ಸಾಮಾನ್ಯವಾಗಿ ಶೇಕಡಾ ಅರ್ಧದಷ್ಟಿದ್ದರೆ ಕುರಿಗೊಬ್ಬರದಲ್ಲಿ ಶೇಕಡಾ 3ರವರೆಗೂ ಇರುವುದೆಂದು ಕೃಷಿಶಾಸ್ತ್ರದ ಪುಸ್ತಕಗಳು ಹೇಳುತ್ತವೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ತಿಪ್ಪೆಗೆ ಹೊತ್ತು ಹಾಕುವಾಗ ವ್ಯರ್ಥವಾಗುವ ಮೂತ್ರವೂ ಮಂದೆ ನಿಂತಲ್ಲಿ ನೇರವಾಗಿ ಮಣ್ಣಿಗೆ ಸೇರುವುದು. ಹೊರುವ ಕೂಲಿಯಿಲ್ಲ, ಗಾಡಿಯ ಬಾಡಿಗೆಯಿಲ್ಲ. ಬೆಳೆಯಿಲ್ಲದ ಕಾಲದಲ್ಲಿ ಕೂಳೆಯನ್ನೂ ಕಳೆಯನ್ನೂ ತಿಂದು ನೆಲಕ್ಕೆ ಸಾರವನ್ನು ಕೊಟ್ಟು ಹೋಗುವ ಇಂತಹ ಅತಿಥಿಯನ್ನು ಬೇಡವೆನ್ನುವ ರೈತ ವಿರಳ. ಹಸುರು ಪೈರಿನ ಕಾಲದಲ್ಲಿ ಇದೇ ಮಂದೆಯ ನಿಮಿತ್ತ ಜಗಳಗಳಾಗುವುದೂ ಉಂಟೆಂಬುದನ್ನು ಮುಚ್ಚಿಡಬೇಕಾಗಿಲ್ಲ.

ಇನ್ನು ಉಣ್ಣೆ. ಅದು ನಮ್ಮ ಕೂದಲು ಉಗುರುಗಳಂತೆಯೇ ಕೆರಾಟಿನ್ ಎಂಬ ಪ್ರೋಟೀನಿನಿಂದಾದುದು. ಎಳೆಗಳು ಸಹಜವಾಗಿಯೇ ಸುರುಳಿಗೊಂಡಿರುವುದರಿಂದ ಅವುಗಳ ನಡುವೆ ಗಾಳಿ ಸಿಕ್ಕಿಕೊಂಡು ನಿಲ್ಲುವುದು. ಹೊರಗಿನ ಚಳಿ ಒಳಬಾರದಂತೆಯೂ ಮೈಯ ಬಿಸಿ ಹೊರಹೋಗದಂತೆಯೂ ತಡೆಯುವುದು ಬಹುಮಟ್ಟಿಗೆ ಈ ನಿಶ್ಚಲವಾದ ಗಾಳಿಯೇ. ಉಣ್ಣೆಯ ನಿಜವಾದ ವೈಶಿಷ್ಟ್ಯ ತೇವದೊಡನೆ ಅದು ನಡೆದುಕೊಳ್ಳುವ ರೀತಿಯಲ್ಲಿದೆ. ಸಾಧಾರಣ ಹವೆಯಲ್ಲಿ ಹತ್ತಿ ತನ್ನ ತೂಕದ ಶೇಕಡಾ 8ರಷ್ಟು ತೇವವನ್ನು ಹಿಡಿದರೆ ಉಣ್ಣೆ ಶೇಕಡಾ 16ರಷ್ಟನ್ನು ಹಿಡಿಯುವುದು. ಪಾಲಿಯೆಸ್ಟರ್ ಹಿಡಿಯುವುದು ಶೇಕಡಾ 0.4 ಮಾತ್ರ. ಹವೆ ತೀರ ಆರ್ದ್ರವಾದಾಗ ಉಣ್ಣೆ ತನ್ನ ತೂಕದ ಮೂರರಲ್ಲೊಂದು ಭಾಗದಷ್ಟು ತೇವವನ್ನು ಒಳಗಡಗಿಸಿಕೊಂಡೂ ಮುಟ್ಟಿದ ಕೈಗೆ ಒದ್ದೆಯೆನಿಸುವುದಿಲ್ಲ. ಹೀರುವಾಗ ಕಿಂಚಿತ್ ಶಾಖವನ್ನೂ ಹೊರಸೂಸುವುದು. ಮಲೆನಾಡಿನ ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಗಿಳಿದ ಆಳು ಗಂಟೆಗಟ್ಟಲೆ ಬಗ್ಗಿ ನಾಟಿ ಮಾಡಬಲ್ಲನಾಗಿದ್ದುದು ಇದರಿಂದಲೇ. ಮಳೆಯ ಹನಿ ಜಿಡ್ಡುಳಿದ ಒರಟು ಎಳೆಗಳ ಮೇಲೆ ಜಾರಿ ಹೋಗುವುದು. ಮೈಯ ಬೆವರಿನ ಆವಿಯಾದರೋ ಎಳೆಯೊಳಕ್ಕೆ ಸೇರಿ ಮೆಲ್ಲನೆ ಆರುವುದು. ಪ್ಲಾಸ್ಟಿಕ್ಕಿನ ಹೊದಿಕೆ ಹನಿಯನ್ನು ತಡೆಯಬಲ್ಲುದಾದರೂ ಅದರೊಳಗಿನ ಮನುಷ್ಯ ತನ್ನ ಬೆವರಿನಲ್ಲಿಯೇ ತೊಯ್ಯುವನು. ಉಣ್ಣೆಗೆ ಬೆಂಕಿಯೂ ಬೇಗನೆ ಹತ್ತದು; ಹತ್ತಿದರೂ ಕರಿಕಾಗಿ ತಾನಾಗಿಯೇ ನಂದುವುದೇ ಹೊರತು ಕರಗಿ ಚರ್ಮಕ್ಕಂಟುವುದಿಲ್ಲ. ಬಟ್ಟೆಗೆ ಬೆಂಕಿ ತಗುಲಿದವರ ಮೇಲೆ ಕಂಬಳಿ ಹೊದಿಸುವ ನಮ್ಮವರ ಪದ್ಧತಿಯ ಹಿಂದೆ ಈ ಗುಣವಿದೆ.

ಕಂಬಳಿಯ ಸಿದ್ಧತೆಯಲ್ಲಿ ನೋಡತಕ್ಕದ್ದು ಬಹಳವಿದೆ. ಕತ್ತರಿಸುವ ಮುನ್ನ ಕುರಿಗಳನ್ನು ಕೆರೆಗೋ ಹಳ್ಳಕ್ಕೋ ಇಳಿಸಿ ಮೈತೊಳೆಯುವರು. ಮೊದಲ ಬಾರಿ ಕತ್ತರಿಸಿದ ಮರಿಯುಣ್ಣೆ ಎಲ್ಲಕ್ಕಿಂತ ನವಿರಾದುದರಿಂದ ಅದನ್ನು ಬೇರೆಯಾಗಿಡುವರು. ಬಿಲ್ಲಿನ ಹೆದೆ ಮೀಟಿ ಹಿಂಜಿದ ಉಣ್ಣೆಯನ್ನು ಹಂಜಿ ಮಾಡಿಕೊಂಡು ಹೆಂಗಸರು ರಾಟೆಯಲ್ಲಿ ನೂಲುವರು. ಬಣ್ಣ ಹಾಕುವುದಿಲ್ಲ, ಕುರಿಯ ಕಪ್ಪೇ ಕಂಬಳಿಯ ಕಪ್ಪು. ಹುಣಸೆಯ ಬೀಜವನ್ನು ಅರೆದು ಕುದಿಸಿದ ಸರಿಯನ್ನು, ಬೀದಿಯುದ್ದಕ್ಕೆ ಬಿಗಿದು ಕಟ್ಟಿದ ಹಾಸಿನ ಮೇಲೆ ದೊಡ್ಡ ಕುಂಚದಿಂದ ಎಳೆಯೆಳೆಗೂ ತಾಕುವಂತೆ ಬಳಿದು ಬಿಸಿಲಿನಲ್ಲಿ ಒಣಗಿಸುವರು. ಈ ಸರಿ ಇಲ್ಲದಿದ್ದರೆ ಒರಟು ನೂಲು ಮಗ್ಗದ ಎಳೆತವನ್ನು ತಾಳದೆ ಹರಿದುಹೋಗುವುದು. ಬಳಿಕ ನೇಕಾರನು ಕುಣಿಯಲ್ಲಿ ಕಾಲಿಳಿಬಿಟ್ಟು ನೆಲಮಟ್ಟದ ಮಗ್ಗದಲ್ಲಿ ನೇಯುವನು. ಹೊಸ ಕಂಬಳಿ ತಗಡಿನಂತೆ ಸೆಟೆದಿರುವುದು ಆ ಸರಿಯ ಪ್ರಭಾವ. ಹೊದೆದಂತೆಲ್ಲ, ಮಳೆಯಲ್ಲಿ ನೆನೆದಂತೆಲ್ಲ ಸರಿ ಬಿಟ್ಟು, ಎಳೆಗಳು ಒಂದಕ್ಕೊಂದು ಹೆಣೆದುಕೊಂಡು, ಹಳೆಯ ಕಂಬಳಿ ಹೊಸದಕ್ಕಿಂತ ಮೆತ್ತಗೂ ದಟ್ಟವಾಗಿಯೂ ಆಗುವುದು.

ಅದು ಚುಚ್ಚುವುದೆಂಬ ದೂರು ಸುಳ್ಳಲ್ಲ. ಮೆರಿನೊ ಉಣ್ಣೆಯ ಎಳೆ ಮಿಲಿಮೀಟರಿನ ಐವತ್ತರಲ್ಲೊಂದು ಭಾಗದಷ್ಟು ಸಪುರ. ದಖ್ಖನಿಯ ಎಳೆಗಳಲ್ಲಿ ಹಲವು ಅದಕ್ಕಿಂತ ಬಹಳ ದಪ್ಪ. ಆದ್ದರಿಂದ ಇದು ಬರಿಮೈಗೆ ತೊಡುವ ಅಂಗಿಯಾಗದು; ಹತ್ತಿಯ ಬಟ್ಟೆಯ ಮೇಲೆ ಹೊದೆಯಬೇಕು, ಕೆಳಗೆ ಹಾಸಬೇಕು. ಈ ಒರಟುತನವನ್ನು ದೋಷವೆಂದೇ ಬಗೆದು ಹಿಂದಿನ ಶತಮಾನದಲ್ಲಿ ಮೆರಿನೊ, ರಾಂಬುಯೆ ಜಾತಿಯ ಟಗರುಗಳನ್ನು ತರಿಸಿ ದಖ್ಖನಿನ ಕುರಿಗಳೊಡನೆ ಬೆರೆಸುವ ಯತ್ನಗಳು ನಡೆದುವು. ದಿನವಿಡೀ ಬಿಸಿಲಿನಲ್ಲಿ ನಡೆದು, ಒಣಹುಲ್ಲು ಜಾಲಿಕಾಯಿಗಳನ್ನು ತಿಂದು ಬದುಕಬೇಕಾದ ಅಲೆಮಾರಿ ಮಂದೆಗೆ ತಂಪುದೇಶದ ರಕ್ತ ಒಗ್ಗುವುದೆಂದು ನಿರೀಕ್ಷಿಸಿದುದೇ ನನಗೆ ವಿಚಿತ್ರವಾಗಿ ತೋರುವುದು. ಈಚೆಗೆ ಬಂದ ಕುತ್ತು ಬೇರೆ ಬಗೆಯದು. ಮಾಂಸದ ಬೆಲೆ ಏರಿದಂತೆ ಕುರಿಗಾಹಿಗಳು ಬೇಗ ತೂಗುವ, ಉಣ್ಣೆಯಿಲ್ಲದ ಕೂದಲುಕುರಿಗಳತ್ತ ತಿರುಗಿದರು. ಅಗ್ಗದ ಯಂತ್ರದ ಹೊದಿಕೆಗಳು ಸಂತೆಗಳನ್ನು ತುಂಬಿದುವು. ಕತ್ತರಿಸುವ ಕೂಲಿಯೂ ಹುಟ್ಟದೆ ಉಣ್ಣೆಯನ್ನು ಬಯಲಿನಲ್ಲಿಯೇ ಚೆಲ್ಲಿಹೋಗುವ ಸ್ಥಿತಿ ಎಷ್ಟೋ ಕಡೆ ಒದಗಿತು. ಸಭೆಗಳಲ್ಲಿ ಗಣ್ಯರ ಹೆಗಲಿಗೆ ಕಂಬಳಿ ಹೊದಿಸಿ ಸನ್ಮಾನಿಸುವ ಪದ್ಧತಿ ಮಾತ್ರ ವರ್ಧಿಸುತ್ತಲಿದೆ. ಆ ಗಣ್ಯರು ಮನೆಯಲ್ಲಿ ಅದನ್ನೇ ಹೊದೆದು ಮಲಗುತ್ತಿದ್ದರೆ ನೇಕಾರರಿಗೆ ಹೆಚ್ಚಿನ ಉಪಕಾರವಾಗುತ್ತಿತ್ತು.

ಕಂಬಳಿಯನ್ನು ಕೊಳ್ಳಬಯಸುವವರಿಗೆ ಒಂದೆರಡು ಮಾತು. ಪದೇ ಪದೇ ಒಗೆಯುವ ಅಗತ್ಯ ಅದಕ್ಕಿಲ್ಲ. ಬಿಸಿಲಿಗೆ ಹರವಿ ಕೊಡವಿದರೆ ಸಾಕು. ಬಿಸಿನೀರಿನಲ್ಲಿ ಅದ್ದಿ ಉಜ್ಜಿದರೆ ಕುಗ್ಗಿ ಗಂಟಾಗುವುದು. ಉಣ್ಣೆಯನ್ನು ತಿನ್ನುವ ನುಸಿಯ ಮರಿಗಳು ಕತ್ತಲಲ್ಲಿ ಮಡಿಸಿಟ್ಟ ಬಟ್ಟೆಯನ್ನೇ ಹುಡುಕಿ ಬರುವುದರಿಂದ ಪೆಟ್ಟಿಗೆಯ ಕಂಬಳಿಗಿಂತ ನಿತ್ಯ ಬಳಸುವ ಕಂಬಳಿ ಹೆಚ್ಚು ಬಾಳುವುದು. ಅಂಗಡಿಯಲ್ಲಿ ಸಂಶಯ ಬಂದರೆ ಅಂಚಿನಿಂದ ಒಂದು ಎಳೆಯನ್ನು ಕಿತ್ತು ಕಡ್ಡಿ ಗೀರಿ ಸುಡಿರಿ: ನಿಜವಾದ ಉಣ್ಣೆ ಕೂದಲು ಸುಟ್ಟ ವಾಸನೆ ಬೀರಿ, ಬೆರಳಿನಿಂದ ಒತ್ತಿದರೆ ಪುಡಿಯಾಗುವ ಕರಿಕನ್ನು ಬಿಡುವುದು, ಕೃತಕ ನೂಲಾದರೆ ಕರಗಿ ಗಟ್ಟಿಯಾದ ಮಣಿಯಾಗಿ ನಿಲ್ಲುವುದು. ಅಂಗಡಿಯವನು ಎಳೆ ಕೀಳಲು ಬಿಡದಿದ್ದರೆ ಅದೂ ಒಂದು ಉತ್ತರವೇ.