ಪರದೆಯಿಲ್ಲದ ಫ್ಯಾಮಿಲಿ ರೂಮ್

ಹಳೆಯ ಹೋಟೆಲುಗಳ ಗೋಡೆಯ ಮೇಲೆ ಬಾಣದ ಗುರುತು ಹಾಕಿ ‘ಫ್ಯಾಮಿಲಿ ರೂಮ್’ ಎಂದು ಬರೆದಿರುತ್ತಿತ್ತು. ಚಿಕ್ಕ ಊರುಗಳ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಈಗಲೂ ಆ ಬಾಣ ಕಂಡೀತು. ಅದನ್ನು ಹಿಡಿದು ಹೋದರೆ ಮರದ ಹಲಗೆಯಿಂದ ಅಡ್ಡಗಟ್ಟಿದ ಪುಟ್ಟ ಗೂಡು, ಜಿಡ್ಡು ಹಿಡಿದ ಪರದೆ, ತಿರುಗಲು ಮನಸ್ಸಿಲ್ಲದ ಫ್ಯಾನು. ಗಂಡನ ಜೊತೆ ಬಂದ ಹೆಂಗಸಿಗೆ ಅದೇ ಜಾಗ. ಹೊರಗೆ ಹಾಲ್‌ನಲ್ಲಿ ಗಂಡಸರು ಪೇಪರು ಹಂಚಿಕೊಂಡು, ರಾಜಕೀಯ ಮಾತಾಡುತ್ತಾ ಕಾಫಿ ಹೀರುತ್ತಿದ್ದರೆ, ಒಳಗಿದ್ದವರಿಗೆ ಮಾಣಿ ಪರದೆ ಸರಿಸಿದಾಗಷ್ಟೇ ಲೋಕದರ್ಶನ. ದೋಸೆ ಆರಿ ಬರುತ್ತಿತ್ತು. ಇನ್ನೊಂದು ಸಲ ಚಟ್ನಿ ಬೇಕೆಂದರೆ ಗಂಡ ಪರದೆಯಿಂದ ತಲೆ ಹೊರಹಾಕಿ ಕೂಗಬೇಕಿತ್ತು. ಹೆಂಗಸು ಒಬ್ಬಳೇ ಹೋಗಿ ಕಾಫಿ ಕುಡಿದು ಬರುವ ಮಾತಂತೂ ದೂರವೇ ಉಳಿಯಿತು.

ಬೆಂಗಳೂರಿನಲ್ಲಿ ಈ ಪರದೆ ಸರಿದದ್ದು ನಿಂತು ತಿನ್ನುವ ಹೋಟೆಲುಗಳಾದ ದರ್ಶಿನಿಗಳಿಂದ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಾಗೆ ಮಾಡಬೇಕೆಂದು ಯಾರೂ ಹೊರಟಿರಲಿಲ್ಲ. ಜಾಗ, ಬಾಡಿಗೆ, ಸಂಬಳ ಉಳಿಸಲು ಹೋಟೆಲಿನವರು ಕುರ್ಚಿ ತೆಗೆದರು. ಕುರ್ಚಿಯ ಹಿಂದೆಯೇ ಪರದೆಯೂ ಹೋಯಿತು.

1983ರಲ್ಲಿ ಆರ್. ಪ್ರಭಾಕರ್ ಅವರು ಜಯನಗರದಲ್ಲಿ ‘ಕೆಫೆ ದರ್ಶಿನಿ’ ಶುರು ಮಾಡಿದರು. ಮುಂದೆ ಬೇರೆಯವರಿಗೂ ಇಂಥದ್ದೇ ಹೋಟೆಲು ತೆರೆಯಲು ಅವರು ನೆರವಾದರು. ನೋಡನೋಡುತ್ತಿದ್ದಂತೆ ಹಿಂದೆ ಏನೋ ಒಂದು ದೇವರ ಹೆಸರು, ಮುಂದೆ ‘ದರ್ಶಿನಿ’ ಅಥವಾ ‘ಸಾಗರ್’ ಸೇರಿಸಿಕೊಂಡ ಬೋರ್ಡು ಬಡಾವಣೆ ಬಡಾವಣೆಯಲ್ಲೂ ಬಂತು. ಹಾಗೆಂದು ಬೆಂಗಳೂರಿನವರಿಗೆ ನಿಂತು ತಿನ್ನುವುದನ್ನು ಕಲಿಸಿದ್ದು ದರ್ಶಿನಿಯೇ ಎಂದರೆ ತಪ್ಪಾದೀತು. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರದ್ದು. ಮಲ್ಲೇಶ್ವರದ ವೀಣಾ ಸ್ಟೋರ್ಸ್ 1977ರದ್ದು. ಎರಡರಲ್ಲೂ ತಟ್ಟೆ ಹಿಡಿದು ರಸ್ತೆಬದಿಯಲ್ಲಿ, ಮರದಡಿಯಲ್ಲಿ, ಯಾರದೋ ಸ್ಕೂಟರಿನ ಪಕ್ಕ ನಿಂತು ತಿನ್ನುವುದೇ ಪದ್ಧತಿ. ಅವು ಒಂದೊಂದು ಮನೆತನದ ಕೈರುಚಿಯ ಅಂಗಡಿಗಳು. ಇನ್ನೊಂದು ಕಡೆ ಹಾಗೇ ಎತ್ತಿಡುವುದು ಕಷ್ಟ. ದರ್ಶಿನಿಯದ್ದು ಯಾರು ಬೇಕಾದರೂ ನಡೆಸಬಹುದಾದ ಲೆಕ್ಕಾಚಾರ.

ಆ ಲೆಕ್ಕಾಚಾರ ಹೀಗೆ. ಬಾಗಿಲಲ್ಲೇ ಬಿಲ್ ಕೌಂಟರ್, ದುಡ್ಡು ಮೊದಲು. ಬಿಲ್ ಹರಿದುಕೊಂಡು ಹೋದರೆ ದೋಸೆಗೆ ಒಂದು ಕಿಂಡಿ, ಇಡ್ಲಿ-ವಡೆ-ಬಾತ್‌ಗೆ ಒಂದು, ಕಾಫಿಗೆ ಬೇರೆಯೇ ಒಂದು. ಎದೆಮಟ್ಟದ ಸ್ಟೀಲ್ ಅಥವಾ ಗ್ರಾನೈಟ್ ಮೇಜು. ಬಡಿಸುವ ಮಾಣಿಯಿಲ್ಲ, ಆದ್ದರಿಂದ ಟಿಪ್ಸ್ ಇಲ್ಲ. ನಿಂತವನು ಹರಟೆಗೆ ಕೂರುವುದಿಲ್ಲ, ಆದ್ದರಿಂದ ಒಂದು ಮೇಜಿನಲ್ಲಿ ಒಂದು ಗಂಟೆಯೊಳಗೆ ಎಷ್ಟು ಜನ ತಿಂದು ಹೋಗುತ್ತಾರೋ ಲೆಕ್ಕವಿಲ್ಲ. ಅಡುಗೆಮನೆ ಕಣ್ಣೆದುರಿಗೇ ಇರುತ್ತದೆ. ಕಾವಲಿಗೆ ನೀರು ಚಿಮುಕಿಸಿ ಕಡ್ಡಿ ಪೊರಕೆಯಿಂದ ಬರ್‍ರನೆ ಗುಡಿಸುವುದು, ಹಿಟ್ಟು ಹುಯ್ದು ಬಟ್ಟಲಿನ ತಳದಿಂದ ವೃತ್ತ ಎಳೆಯುವುದು, ಸಾಲಾಗಿ ಕೆಂಪು ಚಟ್ನಿ ಸವರಿ ಪಲ್ಯದ ಉಂಡೆ ಇಡುತ್ತಾ ಹೋಗುವುದು, ಎಲ್ಲ ನೋಡುತ್ತಲೇ ನಮ್ಮ ಸರದಿ ಬರುತ್ತದೆ. ಗಲ್ಲಾದ ಮೇಲೆ ಬಹಳ ಕಡೆ ಕುಂದಾಪುರದ ಕನ್ನಡ ಕಿವಿಗೆ ಬೀಳುತ್ತದೆ. ಉಡುಪಿ ಸೀಮೆಯಿಂದ ಅಡುಗೆಯವರಾಗಿ, ಮಾಣಿಗಳಾಗಿ ಊರೂರಿಗೆ ಹೋದವರ ಪರಂಪರೆ ಇಲ್ಲೂ ಮುಂದುವರಿದಿದೆ.

ಭಾನುವಾರ ಬೆಳಿಗ್ಗೆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಎಂದು ನಾನು ಘೋಷಿಸಿದ ಮೇಲೆ, ಹೊಸ ಹೊಸ ದರ್ಶಿನಿ ಹುಡುಕಿಕೊಂಡು ಹೋಗುವುದು ನನಗೂ ನಮ್ಮ ಯಜಮಾನರಿಗೂ ರೂಢಿಯಾಗಿದೆ. ದೂರದ ಬಡಾವಣೆಯಾದರೆ ಬಿಎಂಟಿಸಿ ಬಸ್ಸು. ಹೆಂಗಸರಿಗೆ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ನನಗೆ ಟಿಕೆಟ್ಟಿಗೆ ದುಡ್ಡಿಲ್ಲ; ಇವರಿಗೆ ಮಾತ್ರ ಚಾರ್ಜು. ಆ ಬೇಸರವನ್ನು ಇವರು ತಿಂಡಿಯಲ್ಲಿ ತೀರಿಸಿಕೊಳ್ಳುತ್ತಾರೆ.

ದರ್ಶಿನಿಗೆ ಜೋಡಿಯಾಗಿ ಹೋಗುವುದರಲ್ಲಿ ಒಂದು ಅನುಕೂಲವಿದೆ. ಒಬ್ಬರು ಬಿಲ್ಲಿನ ಸಾಲಿನಲ್ಲಿ ನಿಲ್ಲಬೇಕು, ಇನ್ನೊಬ್ಬರು ಮೇಜು ಹಿಡಿಯಬೇಕು. ಒಂಟಿಯಾಗಿ ಹೋದವರು ಮೇಜಿನ ಮೇಲೆ ಕರ್ಚೀಫೋ ಹೆಲ್ಮೆಟ್ಟೋ ಇಟ್ಟು ಬಿಲ್ಲಿಗೆ ಓಡಬೇಕಾಗುತ್ತದೆ, ವಾಪಸು ಬರುವಷ್ಟರಲ್ಲಿ ಹೆಲ್ಮೆಟ್ಟಿನ ಪಕ್ಕ ನಾಲ್ಕು ತಟ್ಟೆ ಕೂತಿರುತ್ತವೆ. ಮೇಜು ಹಿಡಿಯುವ ಕೆಲಸ ನನ್ನದು. ತಿಂದು ಮುಗಿಸುವ ಹಂತದಲ್ಲಿರುವವರನ್ನು ದೂರದಿಂದಲೇ ಗುರುತಿಸಿ, ಅವರ ಕಾಫಿ ಲೋಟ ಕೆಳಗಿಡುವ ಹೊತ್ತಿಗೆ ಸರಿಯಾಗಿ ಪಕ್ಕದಲ್ಲಿ ಹೋಗಿ ನಿಲ್ಲುವುದಕ್ಕೆ ಅಭ್ಯಾಸ ಬೇಕು.

ಹೊಸ ಜಾಗದಲ್ಲಿ ಮೊದಲು ಹೇಳುವುದು ಇಡ್ಲಿ. ಅದನ್ನು ಸಾಂಬಾರಿನಲ್ಲಿ ಮುಳುಗಿಸಿಕೊಂಡರೆ ಪರೀಕ್ಷೆ ಕೆಟ್ಟಂತೆ. ಬೆಂಗಳೂರಿನ ಬೆಲ್ಲದ ಸಾಂಬಾರು ಎಂಥ ಗಟ್ಟಿ ಇಡ್ಲಿಯನ್ನೂ ಪಾಸು ಮಾಡಿಸಿಬಿಡುತ್ತದೆ. ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಸಾಂಬಾರೇ ಇಲ್ಲ, ಬರೀ ಚಟ್ನಿ. ಆ ಧೈರ್ಯ ಇಡ್ಲಿಯ ಮೇಲೆ ಭರವಸೆಯಿದ್ದವರಿಗೇ ಬರುವಂಥದ್ದು. ಇಡ್ಲಿಯಾದ ಮೇಲೆ ಚೌಚೌ ಬಾತ್: ಒಂದೇ ತಟ್ಟೆಯಲ್ಲಿ ಖಾರಾ ಬಾತು, ಕೇಸರಿ ಬಾತು ಒಂದಕ್ಕೊಂದು ಒರಗಿ ಕೂತಿರುತ್ತವೆ. ನನಗೆ ಖಾರ, ಇವರಿಗೆ ಸಿಹಿ. ಡಾಕ್ಟರು ಇವರಿಗೆ ಸಕ್ಕರೆ ಬೇಡ ಅಂದ ಮೇಲೆ ಈ ಹಂಚಿಕೆ ತಿರುಗುಮುರುಗಾಗಬೇಕಿತ್ತು, ಆಗಿಲ್ಲ. “ರೀ, ಎರಡು ಚಮಚ ಅಂದಿದ್ದೆ” ಅಂದರೆ, “ಚಮಚದ ಸೈಜು ಹೇಳಿರಲಿಲ್ಲವಲ್ಲೇ” ಅನ್ನುತ್ತಾರೆ.

ಇವರ ತೀರ್ಪು ನಿಂತಿರುವುದು ಕಾಫಿಯ ಮೇಲೆ, ನನ್ನದು ಚಟ್ನಿಯ ಮೇಲೆ. ಚಟ್ನಿಗೆ ಹುರಿಗಡಲೆ ಹೆಚ್ಚಾಗಿ ಕಾಯಿ ಕಮ್ಮಿಯಾದರೆ ಆ ಹೋಟೆಲಿನವರು ಮಿಕ್ಕದ್ದರಲ್ಲೂ ಕೈ ಹಿಡಿದಿದ್ದಾರೆ ಎಂದೇ ಅರ್ಥ. ಇವರು ಅದೆಲ್ಲ ಕ್ಷಮಿಸುತ್ತಾರೆ, ಡಿಕಾಕ್ಷನ್ನು ಹಳಸಲಾಗಿದ್ದರೆ ಮಾತ್ರ ಮನೆ ಮುಟ್ಟುವವರೆಗೂ ಗೊಣಗುತ್ತಾರೆ. ಒಂದು ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು. ಕೊನೆಗೆ ಒನ್ ಬೈ ಟೂ ಕಾಫಿ ಕೇಳುತ್ತೇವೆ. ಒಂದನ್ನು ಎರಡು ಲೋಟಕ್ಕೆ ಹಾಕಿಸಿಕೊಂಡರೆ ಎರಡೂ ಸೇರಿ ಒಂದಕ್ಕಿಂತ ತುಸು ಜಾಸ್ತಿಯೇ ಬರುತ್ತದೆ. ಕಾಫಿ ಹುಯ್ಯುವವನ ಕೈ ಅರ್ಧಕ್ಕೆ ಸರಿಯಾಗಿ ನಿಲ್ಲುವುದಿಲ್ಲ. ಇದು ಮಾಲೀಕರಿಗೂ ಗೊತ್ತಾದಂತಿದೆ, ‘ಒನ್ ಬೈ ಟೂ ಇಲ್ಲ’ ಎಂಬ ಬೋರ್ಡು ಅಲ್ಲಲ್ಲಿ ಕಾಣುತ್ತಿದೆ. ಅಂಥ ಕಡೆ ನಾವು ಎರಡನೇ ಸಲ ಹೋಗುವುದು ಅನುಮಾನ.

ದೂರುಗಳೂ ಇವೆ. ಅರವತ್ತು ದಾಟಿದ ಮಂಡಿಗೆ ಎದೆಮಟ್ಟದ ಮೇಜು ಹಿತವಲ್ಲ. ಹಿರಿಯರಿಗೆಂದು ಮೂಲೆಯಲ್ಲಿ ನಾಲ್ಕು ಕುರ್ಚಿ ಹಾಕಿದ ಜಾಗಗಳನ್ನು ನಾನು ಮನಸ್ಸಿನಲ್ಲೇ ಗುರುತು ಹಾಕಿಕೊಳ್ಳುತ್ತೇನೆ, ಅಲ್ಲಿ ಕಿವಿಗೆ ಫೋನು ಹಚ್ಚಿದ ಹುಡುಗರು ಕೂತಿರುತ್ತಾರೆ ಎಂಬುದು ಬೇರೆ ಮಾತು. ಇತ್ತೀಚಿನ ಕೆಲವು ಜಾಗಗಳಲ್ಲಿ ದೋಸೆಯ ಮೇಲೆ ಸೌಟುಗಟ್ಟಲೆ ತುಪ್ಪ ಸುರಿಯುತ್ತಾರೆ. ವಿಡಿಯೋಕ್ಕೆ ಚೆಂದ, ಹಿಟ್ಟಿನ ಹುಳಿ ಎಲ್ಲಿದೆ ಎಂದು ನಾಲಗೆ ಹುಡುಕಬೇಕು. ಇನ್ನೊಂದು ಕೊರಗು ಸ್ವಲ್ಪ ದೊಡ್ಡದು. ಮೇಜಿನ ಈಚೆಗೆ ಹೆಂಗಸರು ಬಂದಾಯಿತು. ಕೆಲಸಕ್ಕೆ ಹೊರಟ ಹುಡುಗಿ ಬ್ಯಾಗು ಹೆಗಲಿಗೇರಿಸಿಕೊಂಡೇ ರೈಸ್ ಬಾತ್ ಮುಗಿಸಿ ಬಸ್ಸಿಗೆ ಓಡುವುದನ್ನು ಯಾರೂ ತಿರುಗಿ ನೋಡುವುದಿಲ್ಲ. ನನ್ನ ಅತ್ತೆಯ ಕಾಲಕ್ಕೆ ಇದನ್ನು ಹೇಳಿದ್ದರೆ ನಂಬುತ್ತಿರಲಿಲ್ಲ. ಮೇಜಿನ ಆಚೆಗೆ ನೋಡಿದರೆ ತಟ್ಟೆ ತೆಗೆಯುವವರು, ಪಾತ್ರೆ ತೊಳೆಯುವವರು ಹೆಂಗಸರು. ಕಾವಲಿಯ ಮುಂದೆ, ಡಿಕಾಕ್ಷನ್ನಿನ ಪಕ್ಕ, ಗಲ್ಲಾದಲ್ಲಿ ಅವರು ಕಾಣುವುದು ಅಪರೂಪ. ದೋಸೆ ಹುಯ್ಯಲು ಬಾರದವರೇನೂ ಅಲ್ಲವಲ್ಲ.

ದರ್ಶಿನಿಗಳ ಸುತ್ತು ಶುರು ಮಾಡುವವರಿಗೆ ನನ್ನ ಸಲಹೆ: ಎಂಟರೊಳಗೆ ಹೋಗಿ. ಬಾತುಗಳು ಆಗಷ್ಟೇ ಒಲೆಯಿಂದ ಇಳಿದಿರುತ್ತವೆ, ಸಾಲೂ ಚಿಕ್ಕದು. ದೋಸೆಗೆ ಮಾತ್ರ ಆತುರ ಬೇಡ, ನಾಲ್ಕು ಸಾಲು ಹುಯ್ದು ಕಾವಲಿ ಪಳಗಿದ ಮೇಲೆ ಬಿಲ್ ಮಾಡಿಸಿ. ಕೂತೇ ತಿನ್ನಬೇಕು ಎನ್ನುವವರಿಗೆ 1943ರಿಂದ ಗಾಂಧಿಬಜಾರಿನಲ್ಲಿರುವ ವಿದ್ಯಾರ್ಥಿ ಭವನವಿದೆ, ಕೈತುಂಬ ದೋಸೆ ತಟ್ಟೆ ಪೇರಿಸಿಕೊಂಡು ಬರುವ ಮಾಣಿಗಳನ್ನು ನೋಡಲಾದರೂ ಹೋಗಬೇಕು. ಶುಕ್ರವಾರ ಅಲ್ಲಿ ರಜೆ. ಇದನ್ನು ಓದಿ ಭಾನುವಾರ ಚಪ್ಪಲಿ ಮೆಟ್ಟಿಕೊಂಡು ಶಂಕರಪುರಕ್ಕೆ ಹೊರಟಿದ್ದರೆ ನಿಲ್ಲಿ. ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಅಂದು ರಜೆ.