ಮೇಜಿನ ಖಾನೆಯಲ್ಲಿರುವ ಹೆಸರುಗಳು

ಅಂಗಡಿಯ ಯಜಮಾನನು ರಾತ್ರಿ ಬಾಗಿಲಿಗೆ ಎರಡು ಬೀಗ ಜಡಿಯುತ್ತಾನೆ. ಗಲ್ಲಾಪೆಟ್ಟಿಗೆಯ ಹಣವನ್ನು ಎಣಿಸಿ ಮನೆಗೆ ಒಯ್ಯುತ್ತಾನೆ. ಆದರೆ ಅದೇ ಮೇಜಿನ ಕೆಳಖಾನೆಯಲ್ಲಿ, ಬೀಗವಿಲ್ಲದೆ, ನೌಕರರ ಆಧಾರ್ ಮತ್ತು ಪ್ಯಾನ್ ಕಾರ್ಡುಗಳ ಜೆರಾಕ್ಸ್ ಪ್ರತಿಗಳು, ಬ್ಯಾಂಕಿನ ಪಾಸ್‌ಬುಕ್ಕಿನ ಮೊದಲ ಪುಟ, ಭಾವಚಿತ್ರ, ಎಲ್ಲವೂ ಒಂದೇ ಕಡತದಲ್ಲಿ ಬಿದ್ದಿರುತ್ತವೆ. ಇಂದಿನ ಕಳ್ಳನಿಗೆ ಗಲ್ಲಾಪೆಟ್ಟಿಗೆಗಿಂತಲೂ ಈ ಕಡತವೇ ಪ್ರಿಯವಾದುದು.

ಹಣ ಹೋದರೆ ನಷ್ಟ ಯಜಮಾನನದು. ಕಡತ ಹೋದರೆ ನಷ್ಟ ಕೆಲಸದವನದು. ಅವನೇನೂ ಅದನ್ನು ಸಂತೋಷದಿಂದ ಕೊಟ್ಟವನಲ್ಲ. ಹತ್ತು ಮಂದಿ ದುಡಿಯುವಲ್ಲಿ ಇ.ಎಸ್.ಐ. ಬರುತ್ತದೆ, ಇಪ್ಪತ್ತು ಮಂದಿಯಾದರೆ ಭವಿಷ್ಯನಿಧಿ ಬರುತ್ತದೆ. ಇವಕ್ಕೆಲ್ಲ ಗುರುತಿನ ಪತ್ರಗಳು ಬೇಕು. ಯಜಮಾನ ಕೇಳಿದ, ಅವನು ಕೊಟ್ಟ.

ಇಂಥ ಪ್ರತಿಗಳ ಬಲದಿಂದ ವಂಚಕರು ಬಡವನ ಹೆಸರಿನಲ್ಲಿ ಜಿ.ಎಸ್.ಟಿ. ನೋಂದಣಿ ಪಡೆದು, ಸರಕೇ ಇಲ್ಲದ ವ್ಯಾಪಾರಕ್ಕೆ ಬಿಲ್ಲು ಬರೆಯುತ್ತಾರೆ. ಆ ಬಿಲ್ಲು ತೋರಿಸಿ ಮತ್ತೊಬ್ಬನು ತೆರಿಗೆಯಲ್ಲಿ ವಜಾ ಪಡೆಯುತ್ತಾನೆ. ಕೊನೆಗೆ ಲಕ್ಷಾಂತರ ರೂಪಾಯಿಯ ನೋಟೀಸು ಬರುವುದು, ಆ ಸಂಸ್ಥೆಯ ಹೆಸರನ್ನೇ ಕೇಳದ ಕೆಲಸಗಾರನ ಮನೆಗೆ! ಈ ಹಾವಳಿ ಎಷ್ಟು ಬೆಳೆಯಿತೆಂದರೆ, 2023ರ ಮೇ 16ರಿಂದ ತೆರಿಗೆ ಅಧಿಕಾರಿಗಳು ಹುಸಿ ನೋಂದಣಿಗಳ ಪತ್ತೆಗೆ ದೇಶದಾದ್ಯಂತ ವಿಶೇಷ ಕಾರ್ಯಾಚರಣೆಯನ್ನೇ ಕೈಗೊಳ್ಳಬೇಕಾಯಿತು.

ಅದೇ ವರ್ಷ ಕರ್ನಾಟಕದಲ್ಲಿ ಇನ್ನೊಂದು ವಿದ್ಯಮಾನ ಬೆಳಕಿಗೆ ಬಂದಿತು. ಆಸ್ತಿ ನೋಂದಣಿಯ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ ಬ್ಯಾಂಕ್ ಖಾತೆಗಳಿಂದ ಹಣ ತೆಗೆಯಲಾಗಿತ್ತು. ಆಧಾರ್ ಮೂಲಕ ಹಣ ಪಡೆಯುವ ವ್ಯವಸ್ಥೆಯಲ್ಲಿ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಇಷ್ಟಿದ್ದರೆ ಸಾಕು, ಓ.ಟಿ.ಪಿ.ಯ ಅಗತ್ಯವಿಲ್ಲ. ಬೆರಳಚ್ಚಿಗೂ ಬೀಗ ಹಾಕುವ ಅವಕಾಶ ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿದೆಯೆಂಬುದು ಎಷ್ಟೋ ಜನಕ್ಕೆ ತಿಳಿಯದು. ಸಂಬಳದ ದಿನ ಯಜಮಾನನು ನೌಕರರನ್ನು ಕೂಡಿಸಿಕೊಂಡು ಹದಿನೈದು ನಿಮಿಷದಲ್ಲಿ ಇದನ್ನು ಮಾಡಿಸಬಹುದು.

ಯಜಮಾನನ ಗುರುತಾದರೂ ಭದ್ರವೇ? ಏಕಮಾಲೀಕನ ಅಂಗಡಿಯ ಬಿಲ್ಲನ್ನು ನೋಡಬೇಕು. ಹದಿನೈದು ಅಕ್ಷರಗಳ ಜಿ.ಎಸ್.ಟಿ. ಸಂಖ್ಯೆಯಲ್ಲಿ ಮೂರನೆಯದರಿಂದ ಹನ್ನೆರಡನೆಯದರವರೆಗೆ ಇರುವುದು ಅವನ ಪ್ಯಾನ್ ಸಂಖ್ಯೆಯೇ! ಗುಟ್ಟೆಂದು ಕಾಪಾಡಬೇಕಾದುದು ಪ್ರತಿಯೊಬ್ಬ ಗಿರಾಕಿಯ ಕೈ ಸೇರುತ್ತಿದೆ. ಅದನ್ನು ಮುಚ್ಚುವಂತಿಲ್ಲ, ಆದ್ದರಿಂದ ಓ.ಟಿ.ಪಿ. ಬರುವ ಫೋನನ್ನಾದರೂ ಕಾಯಬೇಕು. ಎಷ್ಟೋ ಕಡೆ ನೋಂದಣಿಯ ದಿನ ತೆರಿಗೆ ಸಲಹೆಗಾರನು ತನ್ನದೇ ಫೋನ್ ಸಂಖ್ಯೆಯನ್ನು ಬರೆದುಬಿಟ್ಟಿರುತ್ತಾನೆ. ಅವನು ಸಜ್ಜನನೇ ಇರಬಹುದು. ಆದರೂ ಅಂಗಡಿಯ ಬೀಗದ ಕೈ ಅಂಗಡಿಯವನಲ್ಲಿರುವುದು ಲೇಸು. ತನ್ನ ಪ್ಯಾನ್ ಮೇಲೆ ಎಷ್ಟು ನೋಂದಣಿಗಳಿವೆಯೆಂಬುದನ್ನು ಜಿ.ಎಸ್.ಟಿ. ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಿ ನೋಡಬಹುದು. ನೌಕರನೂ ನೋಡಿಕೊಳ್ಳಬಹುದು.

ಇನ್ನು ಗುಮಾಸ್ತರ ವಿಷಯ. 2016ರಲ್ಲಿ ಅಮೆರಿಕದ ಸ್ನ್ಯಾಪ್‌ಚಾಟ್ ಸಂಸ್ಥೆಯ ಸಂಬಳ ವಿಭಾಗಕ್ಕೆ ಮುಖ್ಯಾಧಿಕಾರಿಯ ಹೆಸರಿನಲ್ಲಿ ಒಂದು ಇ-ಮೇಲ್ ಬಂದಿತು. ಸಿಬ್ಬಂದಿ ಅದನ್ನು ನಂಬಿ ನೌಕರರ ಸಂಬಳದ ವಿವರಗಳನ್ನು ವಂಚಕನಿಗೆ ಕಳುಹಿಸಿಬಿಟ್ಟರು. ಅಂಥ ದೊಡ್ಡ ಸಂಸ್ಥೆಯೇ ಎಡವಿದ ಮೇಲೆ, ಪೀಣ್ಯದ ಸಣ್ಣ ಕಾರ್ಖಾನೆಯ ಗುಮಾಸ್ತನು ಯಜಮಾನನ ಚಿತ್ರವಿರುವ ವಾಟ್ಸ್ಆ್ಯಪ್ ಸಂದೇಶಕ್ಕೆ ಮರುಳಾದರೆ ಆಶ್ಚರ್ಯವೇನು? “ಕಡತ ಕಳುಹಿಸು ಎಂದು ನಾನೇ ಹೇಳಿದರೂ ಒಮ್ಮೆ ಫೋನ್ ಮಾಡಿ ಕೇಳು” ಎಂದು ಯಜಮಾನನು ಮೊದಲೇ ಅಪ್ಪಣೆ ಮಾಡಿಡಬೇಕು.

ಪ್ರತಿ ಪಡೆಯುವಾಗ, ಸಾಧ್ಯವಿದ್ದೆಡೆ, ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಆಧಾರನ್ನೇ ಪಡೆಯುವುದು ಉಚಿತ. ಪ್ರತಿಯ ಮೇಲೆ ಅಡ್ಡಲಾಗಿ ಉದ್ದೇಶ, ದಿನಾಂಕ ಬರೆಸಿ ರುಜು ಹಾಕಿಸಬೇಕು. ಕೆಲಸ ಬಿಟ್ಟುಹೋದವರ ಕಾಗದಗಳನ್ನು ಕಾನೂನಿನ ಅವಧಿ ತೀರಿದ ಮೇಲೆ ಚೂರುಚೂರಾಗಿ ಹರಿಯಬೇಕೇ ಹೊರತು ರದ್ದಿಗೆ ಹಾಕಬಾರದು. ಆಧಾರ್ ಪ್ರತಿಯಲ್ಲಿ ಕಡಲೆಕಾಯಿ ಪೊಟ್ಟಣ ಕಟ್ಟಿದ್ದನ್ನು ಕಂಡವರು ಈ ನಗರದಲ್ಲಿ ಅಪರೂಪವೇನಲ್ಲ.

ಕಳುವು ನಡೆದೇಹೋದರೆ, ಮಾನಕ್ಕಂಜಿ ಮುಚ್ಚಿಡುವುದು ಸಲ್ಲದು. ನೌಕರರಿಗೆ ಆ ದಿನವೇ ತಿಳಿಸಬೇಕು. ಹಣ ಹೋಗಿದ್ದರೆ ಕೂಡಲೇ ಬ್ಯಾಂಕಿಗೂ 1930 ಸಂಖ್ಯೆಗೂ ಕರೆ ಮಾಡಬೇಕು. ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಸಿ ವಿಧಿಯಂತೆ ಪರರ ಗುರುತು ಕದ್ದವನಿಗೆ ಮೂರು ವರ್ಷದವರೆಗೆ ಸೆರೆವಾಸವುಂಟು, ಲಕ್ಷ ರೂಪಾಯಿಯವರೆಗೆ ದಂಡವುಂಟು. ಪೊಲೀಸರಿಗೆ ಕೊಟ್ಟ ದೂರಿನ ಪ್ರತಿಯೊಂದು ಕೆಲಸದವನ ಮನೆಯಲ್ಲೂ ಇರಬೇಕು. ಮುಂದೆಂದಾದರೂ ನೋಟೀಸು ಬಂದ ದಿನ ಅವನು ತೋರಿಸಬೇಕಾದುದು ಅದನ್ನೇ.